ಮೇಷ್ಟ್ರ ಬೀರುವಿನ ಎರಡನೇ ಡಿಸ್ಕ್

ಹಿರಿಯ ಪೋಷಕ ನಟರೊಬ್ಬರು ತೀರಿಕೊಂಡ ಸುದ್ದಿ ಬಂದಾಗ ಬೆಳಗ್ಗೆ ಆರೂಕಾಲು. ಡೆಸ್ಕ್‌ನಲ್ಲಿ ಇಬ್ಬರೇ ಹುಡುಗರು. ಬ್ರೇಕಿಂಗ್ ಪಟ್ಟಿ ಓಡಿತು, ಫೋಟೋ ಸಿಕ್ಕಿತು, ನಾವೇ ಮಾಡಿದ್ದ ಹಳೆಯ ಸಂದರ್ಶನವೂ ಸಿಕ್ಕಿತು. ಸಿಗದೇ ಹೋದದ್ದು ಅವರಿಗೆ ಹೆಸರು ತಂದುಕೊಟ್ಟ ಸಿನಿಮಾ. ಒಟಿಟಿಯಲ್ಲಿ ಇಲ್ಲ. ಯೂಟ್ಯೂಬಿನಲ್ಲಿ ಮೂರು ಹಾಡು ಇವೆ, ಮೂರರಲ್ಲೂ ಇವರಿಲ್ಲ. ನಿರ್ಮಾಪಕರ ಮನೆಗೆ ಫೋನ್ ಮಾಡಿದರೆ ಅವರ ಮಗ, "ನಮ್ಮ ಹತ್ರಾನೂ ಕಾಪಿ ಇಲ್ಲ ಸಾರ್, ನಿಮಗೆ ಸಿಕ್ಕಿದ್ರೆ ನಮಗೂ ಒಂದು ಕೊಡಿ" ಅಂದರು.

ಒಂಬತ್ತು ಗಂಟೆಯ ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಮೈಸೂರಿನಿಂದ ವೀಕ್ಷಕರೊಬ್ಬರ ಕರೆ. ನಿವೃತ್ತ ಮೇಷ್ಟ್ರು. "ನೋಡಿ ಇವ್ರೇ, ಬೆಳಗ್ಗೆಯಿಂದ ಅದೇ ಫೋಟೋ ತೋರಿಸ್ತಾ ಇದೀರಿ. ಆ ಸಿನಿಮಾ ನನ್ನ ಹತ್ರ ಇದೆ. ವಿಸಿಡಿ. ಯಾರನ್ನಾದ್ರೂ ಕಳಿಸಿ." ನಮ್ಮ ಮೈಸೂರು ವರದಿಗಾರ ಹೋಗಿ ಮೊದಲ ಡಿಸ್ಕಿನಿಂದ ನಲವತ್ತು ಸೆಕೆಂಡಿನ ತುಣುಕು ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಆ ದೃಶ್ಯ ಇದ್ದದ್ದು ನಮ್ಮ ಚಾನೆಲ್‌ನಲ್ಲಿ ಮಾತ್ರ. ಅದರ ಕೀರ್ತಿ ನನಗೆ ಬಂತು. ಬರಬೇಕಾದದ್ದು ಒಂದು ಸ್ಟೀಲ್ ಬೀರುವಿಗೆ.

ಮುಂದಿನ ಭಾನುವಾರ ಆ ಬೀರು ನೋಡಲು ನಾನೇ ಹೋದೆ. ನನಗೂ ಒಂದು ಸ್ವಾರ್ಥ ಇತ್ತು ಅನ್ನಿ. ಅದಕ್ಕೆ ಎರಡು ತಿಂಗಳ ಹಿಂದೆ ನನ್ನ ಸ್ವಂತ ಸಿನಿಮಾ ಭಂಡಾರ ನೆಲಕ್ಕೆ ಬಿದ್ದಿತ್ತು. ಅಕ್ಷರಶಃ ಬಿದ್ದಿತ್ತು. ಎರಡು ಟಿಬಿಯ ಹಾರ್ಡ್‌ಡಿಸ್ಕ್, ಮೇಜಿನ ಮೇಲಿಂದ. ಮತ್ತೆ ಜೋಡಿಸಿದಾಗ ಟಕ್, ಟಕ್, ಟಕ್ ಎಂಬ ಸದ್ದು. ಒಳಗೆ ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓಡಾಡಬೇಕಾದ ಓದುವ ತಲೆ ಕೆಟ್ಟಾಗ ಬರುವ ಸದ್ದು ಅದು. ಮಾಹಿತಿ ಹೊರತೆಗೆಯುವ ಅಂಗಡಿಯವರು ಮೂವತ್ತೈದು ಸಾವಿರ ಕೇಳಿದರು, ಗ್ಯಾರಂಟಿ ಇಲ್ಲ ಅಂತಲೂ ಹೇಳಿದರು. ಹತ್ತು ವರ್ಷ ಡಿವಿಡಿ ಕೊಂಡು ಒಂದೊಂದಾಗಿ ತುಂಬಿಸಿದ ನಾನೂರಕ್ಕೂ ಹೆಚ್ಚು ಸಿನಿಮಾ. ಡಿಸ್ಕುಗಳನ್ನೇನು ಮಾಡಿದ್ದೆ? ಮನೆ ಬದಲಿಸುವಾಗ, ಎಲ್ಲಾ ಕಂಪ್ಯೂಟರಿನಲ್ಲಿದೆಯಲ್ಲ ಅಂತ ಗುಜರಿಗೆ ಕೊಟ್ಟಿದ್ದೆ. ಬೆಳಗಾದರೆ ಊರಿಗೆಲ್ಲ ಬುದ್ಧಿ ಹೇಳುವವನ ಮನೆಯ ಕಥೆ ಇದು.

ಮೇಷ್ಟ್ರ ಬೀರುವಿನಲ್ಲಿ ಇನ್ನೂರ ಹತ್ತು ವಿಸಿಡಿ, ಅರವತ್ತು ಡಿವಿಡಿ. ಜೊತೆಗೊಂದು ಗೆರೆ ಹಾಕಿದ ನೋಟ್‌ಬುಕ್ಕು. ಕ್ರಮಸಂಖ್ಯೆ, ಚಿತ್ರದ ಹೆಸರು, ವರ್ಷ, ನಿರ್ದೇಶಕ, ಕೊಂಡ ದಿನಾಂಕ, ಬೆಲೆ. ಬೆಲೆ ಕಾಲಂ ನೋಡಿದರೆ ನಮ್ಮ ಮಾರುಕಟ್ಟೆಯ ಚರಿತ್ರೆಯೇ ಇದೆ. ಮೊದಮೊದಲು ನೂರಾರು ರೂಪಾಯಿ. ಆಮೇಲೆ, ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರುಮಾಡಿದ ಕಾಲ. ಪುಟಗಟ್ಟಲೆ 28, 28, 28. ನಮ್ಮ ಮಧ್ಯಮ ವರ್ಗದ ಮನೆಗೆ ಸಿನಿಮಾ ಆಸ್ತಿಯಾಗಿ ಬಂದದ್ದು ಆ ನಾಲ್ಕೈದು ವರ್ಷ. ಆಮೇಲೆ ಅಂಗಡಿಗಳು ಮುಚ್ಚಿದವು, ಡಿಸ್ಕ್ ಹಾಕುವ ಬಾಯಿಲ್ಲದ ಲ್ಯಾಪ್‌ಟಾಪ್ ಬಂತು.

"ಈಗ ಎಲ್ಲಾ ಆನ್‌ಲೈನಲ್ಲಿ ಸಿಗುತ್ತಲ್ಲ, ಯಾಕೆ ಈ ಪಾಡು" ಅಂತ ನೀವು ಕೇಳಬಹುದು. ಸಿಗುತ್ತೆ, ಆದರೆ ಅದು ಬಾಡಿಗೆ ಮನೆ. ತಿಂಗಳ ಚಂದಾ ಕಟ್ಟಿದ್ದಕ್ಕೆ ಸಿಗುವುದು ನೋಡುವ ಅನುಮತಿ ಮಾತ್ರ. ಕಂಪನಿಗೂ ನಿರ್ಮಾಪಕರಿಗೂ ಇರುವ ಒಪ್ಪಂದ ಮುಗಿದ ದಿನ ಸಿನಿಮಾ ಮಾಯ. ಹೋಗಲಿ, 'ಬೈ' ಎಂಬ ಗುಂಡಿ ಒತ್ತಿ ದುಡ್ಡು ಕೊಟ್ಟು ಕೊಂಡವರಾದರೂ ಬಚಾವಾ? ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಸೋನಿಯ ಪ್ಲೇಸ್ಟೇಷನ್ ಅಂಗಡಿಯಿಂದ ಸ್ಟುಡಿಯೋಕೆನಾಲ್ ಸಂಸ್ಥೆಯ ಚಿತ್ರಗಳನ್ನು ಕೊಂಡಿದ್ದವರಿಗೆ, 2022ರ ಆಗಸ್ಟ್ 31ರಿಂದ ಅವು ನಿಮ್ಮ ಖಾತೆಯಲ್ಲಿ ಇರುವುದಿಲ್ಲ ಎಂದು ತಿಳಿಸಲಾಯಿತು. ಕೊಂಡದ್ದು ಲೈಸೆನ್ಸ್ ಮಾತ್ರ ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕು ಎಂದು ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಮೇಷ್ಟ್ರ 28 ರೂಪಾಯಿ ಡಿಸ್ಕನ್ನು ಹಾಗೆ ಯಾರೂ ವಾಪಸ್ ತೆಗೆದುಕೊಳ್ಳುವಂತಿಲ್ಲ.

ಯಾರೋ ಎಲ್ಲೋ ಇಟ್ಟಿರುತ್ತಾರೆ ಎಂಬ ನಂಬಿಕೆಗೆ ನಾವು ಕನ್ನಡಿಗರು ತೆತ್ತ ಬೆಲೆ ಚಿಕ್ಕದಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯ. ಪ್ರತಿ ವರ್ಷ ಆ ದಿನ ಸ್ಟುಡಿಯೋದಲ್ಲಿ ಕೂತು ನಾವೂ ಕಾರ್ಯಕ್ರಮ ಮಾಡುತ್ತೇವೆ. ತೋರಿಸುವುದು ಮಾತ್ರ ಸ್ಥಿರಚಿತ್ರ, ಏಕೆಂದರೆ ಚಿತ್ರದ ಪ್ರತಿ ಇಲ್ಲ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ದ್ದೂ ಅದೇ ಗತಿ. ಆ ಕಾಲದ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಜೊತೆಗೆ, ಓಡಿ ಮುಗಿದ ಪ್ರಿಂಟುಗಳನ್ನು ಅದರೊಳಗಿನ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ: ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿಯಾಗಿ ತೆರೆಗೆ ಬಂತು. ಆದರೆ ವರ್ಷಕ್ಕೆ ಎಷ್ಟು ಚಿತ್ರಕ್ಕೆ ಅಂಥ ಭಾಗ್ಯ?

ಮೇಷ್ಟ್ರಿಗೆ ಕಾಫಿ ಮಾಡಿ ಕೊಡುವುದರಲ್ಲಿ ಖುಷಿ. ಲೋಟ ಕೈಗಿಟ್ಟು, ಆ ಸಿನಿಮಾದ ಡಿಸ್ಕ್ ಎರಡು ಹೊರತೆಗೆದರು. "ಇದನ್ನ ನಾನು ಕೊಂಡಿದ್ದು ಆ ನಟರಿಗೋಸ್ಕರ ಅಲ್ಲ. ಇದರಲ್ಲಿ ನಮ್ಮ ಮನೆಯವಳು ಇದಾಳೆ." ಮದುವೆಗೂ ಮುಂಚೆ ಆಕೆಯ ಊರಿನಲ್ಲಿ ಜಾತ್ರೆ ದೃಶ್ಯದ ಶೂಟಿಂಗ್ ಆಗಿತ್ತಂತೆ. ತೇರಿನ ಹಿಂದೆ ನಿಂತ ಗುಂಪಿನಲ್ಲಿ ಹದಿನೇಳರ ಹುಡುಗಿ, ಕೈಯಲ್ಲಿ ಬಾಳೆಹಣ್ಣು, ನಾಲ್ಕು ಸೆಕೆಂಡು. ಆಕೆ ಹೋಗಿ ಆರು ವರ್ಷ. ಆ ವಯಸ್ಸಿನ ಫೋಟೋ ಒಂದೂ ಮನೆಯಲ್ಲಿಲ್ಲ. "ಎರಡನೇ ಡಿಸ್ಕಲ್ಲಿ ಬರುತ್ತೆ. ಹೋದ ವರ್ಷದಿಂದ ಓಡ್ತಾ ಇಲ್ಲ."

ಡಿಸ್ಕನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬೂಷ್ಟಿನ ಮಬ್ಬು, ನಡುವೆ ಎರಡು ಗೀರು.

ಈಗ ಸ್ವಲ್ಪ ತಾಂತ್ರಿಕ ಮಾತು, ಬೇಸರ ಮಾಡಿಕೊಳ್ಳಬೇಡಿ. ವಿಸಿಡಿ 1993ರ ತಂತ್ರಜ್ಞಾನ. ಒಂದು ಡಿಸ್ಕಿಗೆ ಹಿಡಿಯುವುದು ಎಪ್ಪತ್ತು ಎಂಬತ್ತು ನಿಮಿಷ, ಅದಕ್ಕೇ ನಮ್ಮ ಸಿನಿಮಾಗಳು ಎರಡು ಮೂರು ಡಿಸ್ಕಿನಲ್ಲಿ ಬರುತ್ತಿದ್ದವು. ಅಷ್ಟಾದರೂ ಹಿಡಿಸಬೇಕಲ್ಲ, ಹಾಗಾಗಿ ತಪ್ಪು ತಿದ್ದಿಕೊಳ್ಳಲು ಬೇಕಾದ ಹೆಚ್ಚುವರಿ ಮಾಹಿತಿಯನ್ನು ಅದರಲ್ಲಿ ಕಡಿಮೆ ಮಾಡಿದ್ದಾರೆ. ಗೀರು ಬಿದ್ದ ಕಡೆ ಚಿತ್ರ ಚೌಕ ಚೌಕವಾಗಿ ಒಡೆಯುವುದು ಅದಕ್ಕೇ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಫೈಲನ್ನು ಎಳೆದು ತರಲು ಹೋದರೆ ಒಂದು ಜಾಗ ಓದದಿದ್ದರೂ ಸಾಕು, ಇಡೀ ಕಾಪಿ ಅಲ್ಲಿಗೇ ನಿಲ್ಲುತ್ತೆ. ಕೆಟ್ಟ ಜಾಗವನ್ನು ಬಿಟ್ಟು ಮುಂದೆ ಹೋಗಿ, ಉಳಿದದ್ದನ್ನೆಲ್ಲ ತಂದು, ಆಮೇಲೆ ಬಿಟ್ಟ ಜಾಗಕ್ಕೆ ಮತ್ತೆ ಮತ್ತೆ ಪ್ರಯತ್ನಿಸುವ ಉಚಿತ ತಂತ್ರಾಂಶಗಳಿವೆ. ಇನ್ನೊಂದು ಗುಟ್ಟು: ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದಬಹುದು. ಡಿಸ್ಕನ್ನು ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತ ತಿರುಗಿಸಿ ಒರೆಸಬಾರದು, ಗೀರು ಬಿದ್ದರೆ ದಾರಿಯುದ್ದಕ್ಕೂ ಬೀಳುತ್ತೆ.

ಡಿಸ್ಕನ್ನು ಮೇಷ್ಟ್ರ ಅನುಮತಿ ಪಡೆದು ಬೆಂಗಳೂರಿಗೆ ತಂದೆ. ನಮ್ಮ ಎಡಿಟಿಂಗ್ ವಿಭಾಗದ ಹುಡುಗ ಮೂಲೆಗೆ ಬಿದ್ದಿದ್ದ ಮೂರು ಹಳೆಯ ಡ್ರೈವ್ ಹುಡುಕಿದ. ಎರಡು ಸೋತವು. ಮೂರನೆಯದು ಒಂದು ರಾತ್ರಿ ಇಡೀ ಗೊರಗೊರ ಅಂತ ಓದಿತು.

ಓದಿದ್ದನ್ನು ಇಡುವುದು ಹೇಗೆ? ವಿಸಿಡಿ ಫೈಲನ್ನು ಇದ್ದ ಹಾಗೆಯೇ ಇಡಿ. ವಿಎಲ್‌ಸಿಯಂಥ ಉಚಿತ ಪ್ಲೇಯರ್ ಅದನ್ನು ನೇರ ಓಡಿಸುತ್ತೆ. ಮೊದಲೇ ಮಸುಕಾದ ಚಿತ್ರವನ್ನು ಮತ್ತೆ ಕುಗ್ಗಿಸಿದರೆ ಇನ್ನಷ್ಟು ಮಸುಕು. ಡಿವಿಡಿ ಸಿನಿಮಾ ನಾಲ್ಕರಿಂದ ಏಳು ಜಿಬಿ, ನಾಲ್ಕು ಟಿಬಿ ಡಿಸ್ಕಿನಲ್ಲಿ ಸುಮಾರು 700 ಹಿಡಿಯುತ್ತೆ. ಜಾಗ ಇದ್ದರೆ ಅದನ್ನೂ ಕುಗ್ಗಿಸಬೇಡಿ. ಎಂಕೆವಿ ಎಂಬ ಡಬ್ಬಿ ಒಳ್ಳೆಯದು: ಚಿತ್ರ, ಎರಡು ಮೂರು ಭಾಷೆಯ ಧ್ವನಿ, ಸಬ್‌ಟೈಟಲ್ ಎಲ್ಲಾ ಒಂದೇ ಫೈಲಿನಲ್ಲಿ. ಪೆನ್‌ಡ್ರೈವಿಗೆ ದೊಡ್ಡ ಸಿನಿಮಾ ಹೋಗ್ತಾ ಇಲ್ಲ ಅಂತ ತುಂಬಾ ಜನ ನನಗೆ ಕೇಳಿದ್ದಾರೆ. ಅದು ಪೆನ್‌ಡ್ರೈವಿನ ತಪ್ಪಲ್ಲ. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಒಂದು ಫೈಲು ನಾಲ್ಕು ಜಿಬಿ ಮೀರುವಂತಿಲ್ಲ. ಒಳಗಿರುವುದನ್ನು ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಹೆಸರಿನ ಜೊತೆ ವರ್ಷ ಬೇಕೇ ಬೇಕು. 'ಗಂಧದ ಗುಡಿ' ಅಂದರೆ ಯಾವುದು? 1973ರ ರಾಜ್‌ಕುಮಾರ್ ಚಿತ್ರವೋ, 2022ರ ಪುನೀತ್ ಚಿತ್ರವೋ? 'ಕಸ್ತೂರಿ ನಿವಾಸ' 1971ರಲ್ಲಿ ಕಪ್ಪು ಬಿಳುಪು, 2014ರಲ್ಲಿ ಬಣ್ಣ ತುಂಬಿ ಬಂತು. ಎರಡೂ ಇಟ್ಟುಕೊಳ್ಳುವವರು ಎರಡಕ್ಕೂ ಬೇರೆ ಹೆಸರು ಕೊಡಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದಿರೋ, ಒಂದೇ ಚಿತ್ರ ನಾಲ್ಕು ಸ್ಪೆಲ್ಲಿಂಗಿನಲ್ಲಿ ನಾಲ್ಕು ಸಲ ಸೇರಿರುತ್ತೆ. ಮೇಷ್ಟ್ರ ನೋಟ್‌ಬುಕ್ಕಿನ ಪದ್ಧತಿಯನ್ನೇ ನಾನೀಗ ಕದ್ದಿದ್ದೇನೆ.

ಎಲ್ಲಕ್ಕಿಂತ ಮುಖ್ಯ, ಪ್ರತಿ ಎಷ್ಟು? ಬಲ್ಲವರು ಹೇಳುವ ಲೆಕ್ಕ 3-2-1. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಇದು ಅತಿಯಾಯಿತು ಅನ್ನಿಸಿದರೆ ಪಿಕ್ಸಾರ್ ಸ್ಟುಡಿಯೋದ ಕಥೆ ಕೇಳಿ. 1998ರಲ್ಲಿ 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ ಯಾರೋ ತಪ್ಪಿ ಕೊಟ್ಟ ಒಂದು ಆದೇಶಕ್ಕೆ ಚಿತ್ರದ ಫೈಲುಗಳು ಅಳಿಸಿಹೋಗತೊಡಗಿದವು. ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ಅದು ಸರಿಯಾಗಿ ಕೆಲಸವೇ ಮಾಡಿರಲಿಲ್ಲ. ಕಾಪಾಡಿದ್ದು ಗ್ಯಾಲಿನ್ ಸುಸ್‌ಮನ್ ಎಂಬ ತಂತ್ರ ನಿರ್ದೇಶಕಿಯ ಮನೆಯ ಕಂಪ್ಯೂಟರ್. ಮಗುವಾಗಿದ್ದರಿಂದ ಮನೆಯಿಂದಲೇ ಕೆಲಸ ಮಾಡಲು ಒಂದು ಪ್ರತಿ ಇಟ್ಟುಕೊಂಡಿದ್ದರು. ಅಷ್ಟು ದೊಡ್ಡ ಸ್ಟುಡಿಯೋವನ್ನು ಕಾದದ್ದು ಮನೆಯಿಂದ ಹೊರಗಿನ, ಅಲ್ಲ, ಆಫೀಸಿನಿಂದ ಹೊರಗಿನ ಆ ಒಂದು ಪ್ರತಿ. ಒಂದು ಡಿಸ್ಕಿನಲ್ಲಿ ಅಳಿಸಿದ್ದನ್ನು ಇನ್ನೊಂದರಲ್ಲೂ ತಕ್ಷಣ ಅಳಿಸಿಬಿಡುವ ಜೋಡಿ ವ್ಯವಸ್ಥೆ ಬ್ಯಾಕಪ್ ಅಲ್ಲ, ನೆನಪಿಡಿ. ಮತ್ತೆ, ಬೀರುವಿನಲ್ಲಿಟ್ಟ ಹಾರ್ಡ್‌ಡಿಸ್ಕನ್ನು ಮೂರು ತಿಂಗಳಿಗೊಮ್ಮೆ ಓಡಿಸಿ, ನಾಲ್ಕು ಸಿನಿಮಾ ತೆರೆದು ನೋಡಿ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ತೇವ ಹೀರುವ ಸಿಲಿಕಾ ಪೊಟ್ಟಣ ಜೊತೆಗಿಡಿ.

ಕಾನೂನಿನ ಮಾತು ಹೇಳದೆ ಹೋದರೆ ನಾಳೆ ನನಗೇ ನೋಟಿಸ್ ಬರುತ್ತೆ! 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕೆ ನ್ಯಾಯಯುತವಾಗಿ ಬಳಸುವುದನ್ನು ಉಲ್ಲಂಘನೆ ಅನ್ನುವುದಿಲ್ಲ. ಇಡೀ ಸಿನಿಮಾದ ಪ್ರತಿ ಅದರೊಳಗೆ ಬರುತ್ತೆ ಅಂತ ಬಿಡಿಸಿಯೂ ಹೇಳುವುದಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಸ್ಕಿನ ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು. ಡಿವಿಡಿಗಳಲ್ಲಿ ಸಾಮಾನ್ಯವಾಗಿ ಬೀಗ ಇರುತ್ತೆ, ವಿಸಿಡಿಗೆ ಬೀಗವೇ ಇಲ್ಲ. ಚಿತ್ರದ ಹಕ್ಕಿನ ಆಯಸ್ಸು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ. 1954ರ 'ಬೇಡರ ಕಣ್ಣಪ್ಪ'ದ ಗಡಿ 2014ಕ್ಕೆ ದಾಟಿದೆ, ಆದರೆ ಹಾಡಿನ ಸಾಹಿತ್ಯ, ಸಂಗೀತದ ಲೆಕ್ಕ ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ಕೊಟ್ಟು ಕೊಂಡ ಡಿಸ್ಕು ಸಾಯುವ ಮೊದಲು ಅದನ್ನು ಮನೆಯ ಮಟ್ಟಿಗೆ ಉಳಿಸಿಕೊಳ್ಳುವವನು ಕಳ್ಳನಲ್ಲ. ಬಿಡುಗಡೆಯ ದಿನವೇ ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದ್ದನ್ನು ಇಳಿಸಿಕೊಂಡು ಭಂಡಾರ ಕಟ್ಟಿದ್ದೇನೆ ಅನ್ನುವವನ ಜೊತೆ ನನಗೆ ಮಾತಿಲ್ಲ. ಹಾಗೆ ಚಿತ್ರೀಕರಿಸುವವನಿಗೆ 2023ರ ತಿದ್ದುಪಡಿ ಕನಿಷ್ಠ ಮೂರು ತಿಂಗಳ ಜೈಲು, ಮೂರು ಲಕ್ಷ ದಂಡ ಇಟ್ಟಿದೆ.

ಬೆಳಗ್ಗೆ ಡ್ರೈವ್ ನಿಂತಾಗ ಎರಡನೇ ಡಿಸ್ಕಿನ ಹೆಚ್ಚುಪಾಲು ಬಂದಿತ್ತು. ಕ್ಲೈಮ್ಯಾಕ್ಸಿನಲ್ಲಿ ಆರು ನಿಮಿಷ ಇಲ್ಲವೇ ಇಲ್ಲ. ಜಾತ್ರೆ ಇತ್ತು. ತೇರಿನ ಒಂದು ಪಕ್ಕ ಚೌಕ ಚೌಕವಾಗಿ ಒಡೆದಿತ್ತು, ಧ್ವನಿ ಎರಡು ಸಲ ಕಡಿದು ಹೋಗುತ್ತಿತ್ತು. ಗುಂಪಿನಲ್ಲಿ ಯಾರು ಅಂತ ನನಗೆ ಗೊತ್ತಾಗಲಿಲ್ಲ.

ಮೇಷ್ಟ್ರಿಗೆ ಗೊತ್ತಾಯಿತು. ಟೀವಿಗೆ ಪೆನ್‌ಡ್ರೈವ್ ಹಾಕಿ ತೋರಿಸಿದಾಗ ಅವರು ಎದ್ದು ಪರದೆಯ ಹತ್ತಿರ ಹೋದರು. "ನಿಲ್ಸಿ" ಅಂದರು. ನಿಲ್ಲಿಸಿದೆ. ಸ್ವಲ್ಪ ಹೊತ್ತಾದ ಮೇಲೆ "ಹಣ್ಣು ಎಡಗೈಯಲ್ಲಿದೆ ನೋಡಿ. ಅವಳು ಎಡಚಿ" ಅಂದರು.

ಮೊಮ್ಮಗಳು ಈಗ ಅವರ ಬೀರುವನ್ನು ವಾರಕ್ಕೆ ಹತ್ತು ಡಿಸ್ಕಿನಂತೆ ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಬಂದಿದೆ: 'ಪ್ರತಿ ಎಲ್ಲಿದೆ'. ಆ ಸಿನಿಮಾದ ಎದುರು ಮೂರು ಜಾಗ ಬರೆದಿದ್ದಾರೆ. ಮೊಮ್ಮಗಳ ಹಾರ್ಡ್‌ಡಿಸ್ಕ್, ಬೀರುವಿನ ಮೂಲ ಡಿಸ್ಕ್, ಮೂರನೆಯದು ನನ್ನ ಹೆಸರು. ಪೆನ್‌ಡ್ರೈವನ್ನು ಕಂದು ಲಕೋಟೆಯಲ್ಲಿ ಹಾಕಿ, ಅಂಟು ಹಚ್ಚಿ, ಪರೀಕ್ಷೆಯ ಉತ್ತರ ಪತ್ರಿಕೆಯ ಕಟ್ಟಿಗೆ ಹಾಕುವ ಹಾಗೆ ಜೋಡಣೆಯ ಮೇಲೆ ಅಡ್ಡಲಾಗಿ ಸಹಿ ಹಾಕಿ ಕೊಟ್ಟಿದ್ದಾರೆ. ಸ್ಟುಡಿಯೋದ ನನ್ನ ಮೇಜಿನ ಡ್ರಾಯರಿನಲ್ಲಿದೆ. ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ, "ಓಡಿಸಿ ನೋಡಿದ್ರಾ?" ಅಂತ ಕೇಳುತ್ತಾರೆ. ಆಮೇಲೆ ಹೊಸ ಲಕೋಟೆ ಕಳಿಸುತ್ತಾರೆ, ಸಹಿ ಹಾಕಿ.