ಗಣಿತ ಬಲ್ಲ ಪತ್ತೇದಾರಿಣಿ

ಪತ್ತೇದಾರಿ ಕಥೆಗಳೆಂದರೆ ಕಾಲಹರಣವೆಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವರಿಗೆ ಅವುಗಳ ಸವಿ ಗೊತ್ತು. ಆ ಸವಿಗೆ ಚರಿತ್ರೆಯನ್ನೂ ಬೆರೆಸಿದ ಮಾಲೆಯೊಂದನ್ನು ನಾವು ಈಚೆಗೆ ಓದಿ ಸಂತೋಷಪಟ್ಟೆವು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು ಇಂಗ್ಲಿಷಿನಲ್ಲಿ ರಚಿಸಿದ ಈ ಮಾಲೆಯ ಮೊದಲ ಕಾದಂಬರಿ ‘ದ ಬ್ಯಾಂಗಲೂರ್ ಡಿಟೆಕ್ಟಿವ್ಸ್ ಕ್ಲಬ್’ 2022ರಲ್ಲಿ ಹೊರಬಂದಿತು.

ಕಥೆಯ ಕಾಲ 1921. ಮೊದಲ ಮಹಾಯುದ್ಧ ಮುಗಿದು ಮೂರು ವರ್ಷಗಳಾಗಿವೆ. ನಾಯಕಿ ಕಾವೇರಿಗೆ ಹತ್ತೊಂಬತ್ತರ ಪ್ರಾಯ. ಪತಿ ರಾಮು ಬೌರಿಂಗ್ ಆಸ್ಪತ್ರೆಯ ವೈದ್ಯ. ಹೆಣ್ಣಿಗೆ ಹೆಚ್ಚಿನ ಓದು ಬೇಡವೆನ್ನುತ್ತಿದ್ದ ಕಾಲದಲ್ಲಿ ಆಕೆಗೆ ಗಣಿತವೇ ಪ್ರಾಣ. ಸೆಂಚುರಿ ಕ್ಲಬ್ಬಿನಲ್ಲಿ ಔತಣದ ರಾತ್ರಿ ಕೊಲೆಯೊಂದು ನಡೆದಾಗ, ಲೆಕ್ಕ ಬಿಡಿಸುವ ತಾಳ್ಮೆಯಿಂದಲೇ ಆಕೆ ಸುಳಿವುಗಳನ್ನು ಜೋಡಿಸತೊಡಗುತ್ತಾಳೆ. ನೆರೆಮನೆಯ ಹಿರಿಯಾಕೆ ಉಮಾ ಅವಳಿಗೆ ಜೊತೆಗಾತಿ.

ಅಂದಿನ ಬೆಂಗಳೂರಿನಲ್ಲಿ ಪೇಟೆ ಮೈಸೂರು ಅರಸರದು. ದಂಡು ಪ್ರದೇಶ 1947ರವರೆಗೂ ಬ್ರಿಟಿಷರದು. ಒಂದೇ ಊರಿನೊಳಗೆ ಎರಡು ಆಡಳಿತ! ನಮ್ಮ ಸಾನಮಾವು ಸೇರಿದ ಹೊಸೂರು ಸೀಮೆ ಆಗ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಗಡಿಯ ಬದುಕನ್ನು ಬಲ್ಲ ನಮಗೆ ಈ ಚಿತ್ರ ಅಪರಿಚಿತವೆನಿಸದು.

ಕೊಲೆಗಾರನ ಗುಟ್ಟು ಕೊನೆಗೆ ಬಯಲಾಗುತ್ತದೆ. ಓದಿದ ಹೆಣ್ಣು ಪ್ರಶ್ನೆ ಕೇಳಿದರೆ ಮನೆಗೂ ಊರಿಗೂ ಹಿತವೆಂಬ ಮಾತು ಮಾತ್ರ ಆಮೇಲೂ ಮನದಲ್ಲಿ ಉಳಿಯುತ್ತದೆ. ಶಾಲೆ ಮುಗಿಯುವ ಮೊದಲೇ ವರನನ್ನು ಅರಸುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಅಂಥ ತಾಯ್ತಂದೆಯರು ಮಗಳ ಕೈಗೆ ಈ ಪುಸ್ತಕವನ್ನಿತ್ತು, ರಾತ್ರಿಯ ಊಟದ ಬಳಿಕ ದಿನಕ್ಕೊಂದು ಅಧ್ಯಾಯದಂತೆ ಕಥೆಯನ್ನು ಕನ್ನಡದಲ್ಲಿ ಹೇಳಿಸಿ ಕೇಳಲಿ. ಮಗಳ ಬುದ್ಧಿಯೂ ಬೆಳೆದೀತು, ಮನೆಯ ಕನ್ನಡವೂ ಉಳಿದೀತು.