ಮೆಂತ್ಯೆ ಬಾಹ್ಯಾಕಾಶಕ್ಕೆ ಹೋಗಿ ಬಂದ ಮೇಲೆ

ಕೊಪ್ಪಳ ಸೀಮೆಯಲ್ಲಿ ಜೋಳದ ರೊಟ್ಟಿಗೆ ಹಸಿ ಮೆಂತೆಪಲ್ಲೆ ಜೊತೆಗಿರಬೇಕು. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಮುಂಗಾರು ಬಿದ್ದೊಡನೆ ಹೆಸರು ಬಿತ್ತುತ್ತಾರೆ. ಈ ಎರಡು ಕಾಳುಗಳೂ 2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರಿದ್ದ ಆಕ್ಸಿಯಂ-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟವು. ಪ್ರಯೋಗ ರೂಪಿಸಿದವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ಶುಕ್ಲಾ ಕಾಳಿಗೆ ನೀರುಣಿಸಿದರು, ಮೊಳಕೆಯ ಚಿತ್ರ ತೆಗೆದು ಶೈತ್ಯಪೆಟ್ಟಿಗೆಯಲ್ಲಿಟ್ಟರು. ಜುಲೈ 15ರಂದು ಯಾನ ಭೂಮಿಗೆ ಮರಳಿತು.

ಮೆಂತ್ಯೆಯಲ್ಲಿ ಟ್ರೈಗೊನೆಲಿನ್ ಇದೆ, ಡಯೋಸ್ಜೆನಿನ್ ಇದೆ. ಎರಡನೆಯದು ಸ್ಟೀರಾಯ್ಡ್ ಔಷಧಗಳಿಗೆ ಮೂಲವಸ್ತು. ಗಿಡ ಇಂಥ ರಾಸಾಯನಿಕಗಳನ್ನು ತನ್ನ ಆತ್ಮರಕ್ಷಣೆಗೂ ಬಳಸುತ್ತದೆ, ಹಾಗಾಗಿ ಒತ್ತಡ ಬಿದ್ದಾಗ ಅವುಗಳ ಪ್ರಮಾಣ ಏರಿಳಿಯುತ್ತದೆ. ಕಕ್ಷೆಯಲ್ಲಿ ಒತ್ತಡಕ್ಕೆ ಕೊರತೆಯಿಲ್ಲ. ಬೇರಿನ ತುದಿಯ ಪಿಷ್ಟದ ಕಣಗಳು ಕೆಳಗೆ ಕೂರುವುದರಿಂದಲೇ ಬೇರಿಗೆ ದಿಕ್ಕು ತಿಳಿಯುವುದು. ಕಕ್ಷೆಯ ತೂಕರಹಿತ ಸ್ಥಿತಿಯಲ್ಲಿ ಅವು ಕೂರುವುದಿಲ್ಲ. ಬಿಸಿಗಾಳಿ ಮೇಲೇಳದ ಕಾರಣ ಗಾಳಿ ತಾನಾಗಿ ಕದಲದೆ ಬೇರಿಗೆ ಆಮ್ಲಜನಕ ಕಡಿಮೆಯಾಗಬಹುದು. ವಿಕಿರಣವೂ ಹೆಚ್ಚು.

ಆದರೆ ಒತ್ತಡಕ್ಕೆ ಗಿಡ ತೋರಿದ ಪ್ರತಿಕ್ರಿಯೆಯೇ ಬೇರೆ, ತಳಿಯ ಗುಣವೇ ಬೇರೆ. ಮೊದಲನೆಯದು ಸಾಮಾನ್ಯವಾಗಿ ಆ ಗಿಡದೊಂದಿಗೇ ಮುಗಿಯುತ್ತದೆ. ಬೀಜದ ಡಿಎನ್‌ಎ ಬದಲಾಗಿ, ಆ ಬದಲಾವಣೆ ಪೀಳಿಗೆಯಿಂದ ಪೀಳಿಗೆಗೆ ನಿಂತರೆ ಮಾತ್ರ ಹೊಸ ತಳಿ. ಚೀನಾ 1987ರಿಂದ ಬೀಜಗಳನ್ನು ಕಕ್ಷೆಗೆ ಕಳಿಸುತ್ತಿದೆ. 2006ರಲ್ಲಿ ಇದಕ್ಕೆಂದೇ ಶಿಜಿಯಾನ್-8 ಉಪಗ್ರಹ ಹಾರಿಸಿತು. ಅತಿಮಧುರದ ಬೀಜವನ್ನು ಹೀಗೆ ಕಳಿಸಿ ತಂದು ಬಿತ್ತಿದಾಗ ಬೇರಿನಲ್ಲಿ ಗ್ಲಿಸಿರೈಜಿಕ್ ಆಮ್ಲ ಹೆಚ್ಚಿತ್ತೆಂದು ಅಲ್ಲಿನ ಸಂಶೋಧಕರು ವರದಿ ಮಾಡಿದ್ದಾರೆ. ಆದರೂ ಬದಲಾವಣೆ ಯಾವ ಜೀನ್‌ನಲ್ಲಿ, ಹೇಗೆ ಆಗುತ್ತದೆಂಬುದು ಯಾರ ಹಿಡಿತದಲ್ಲೂ ಇಲ್ಲ. ಸಾವಿರಾರು ಗಿಡಗಳಲ್ಲಿ ಒಳ್ಳೆಯದೊಂದನ್ನು ಆರಿಸುವ ಕೆಲಸ ಹೊಲದಲ್ಲೇ ನಡೆಯಬೇಕು.

ಆ ಕೆಲಸ ನಮಗೆ ಹೊಸದೂ ಅಲ್ಲ. ಶೇಂಗಾ ಬೆಳೆಗಾರರಿಗೆ ಪರಿಚಿತವಾದ ಟಿಎಜಿ-24 ತಳಿಯ ಹಿಂದಿರುವುದು ಭಾಭಾ ಅಣು ಸಂಶೋಧನಾ ಕೇಂದ್ರ ನೆಲದ ಮೇಲೇ ನಡೆಸಿದ ವಿಕಿರಣ ಪ್ರಯೋಗ. ಹೋಲಿಕೆಗೆ ಬೇಕಾದ ನೆಲವೂ ನಮ್ಮ ಕೊಪ್ಪಳ ಸೀಮೆಯಲ್ಲೇ ಇದೆ: ಕಾಲುವೆ ನೀರು ಕಂಡ ಗಂಗಾವತಿಯ ಗದ್ದೆಗೂ ಯಲಬುರ್ಗಾದ ಒಣಹೊಲಕ್ಕೂ ಅಜಗಜಾಂತರ. ಒಂದೇ ಮೆಂತ್ಯೆಯನ್ನು ಎರಡೂ ಕಡೆ ಬೆಳೆದು ಅದರ ರಾಸಾಯನಿಕಗಳನ್ನು ಅಳೆದರೆ, ಕಕ್ಷೆಯ ಫಲಿತಾಂಶಕ್ಕೆ ಹೋಲಿಸಲು ನಮ್ಮದೇ ನೆಲದ ಅಳತೆ ಸಿಗುತ್ತದೆ. ವಿಶ್ವವಿದ್ಯಾಲಯಗಳು ಇದನ್ನು ಕೈಗೆತ್ತಿಕೊಳ್ಳಬೇಕು. ರೈತರಿಗೂ ಒಂದು ಮಾತು: ಬಾಹ್ಯಾಕಾಶಕ್ಕೆ ಹೋಗಿ ಬಂದ ಬೀಜವೆಂದು ಯಾರಾದರೂ ದುಬಾರಿ ಬೆಲೆ ಹೇಳಿದರೆ, ಮೊದಲು ಪ್ರಮಾಣಪತ್ರದ ಚೀಟಿ ಕೇಳಿ.