ಯೋಬನ ಗ್ರಂಥವೂ ನಿರಪರಾಧಿಯ ದುಃಖವೂ

೧

ಜಗತ್ಕರ್ತನು ಒಬ್ಬನೇ, ಆತನು ಸರ್ವಶಕ್ತನು, ದಯಾಳು, ನ್ಯಾಯವಂತನು. ಹೀಗಿರಲು ಆತನ ಸೃಷ್ಟಿಯಲ್ಲಿ ತಪ್ಪು ಮಾಡದವರು ಏಕೆ ನೋಯಬೇಕು? ಕ್ರೈಸ್ತಮತವು ಆರಂಭಕಾಲದಿಂದಲೂ ಎದುರಿಸುತ್ತ ಬಂದಿರುವ ಪ್ರಶ್ನೆಗಳಲ್ಲಿ ಇದಕ್ಕಿಂತ ಕಠಿನವಾದುದು ಮತ್ತೊಂದಿಲ್ಲ. ಭಾರತೀಯ ದರ್ಶನಗಳಲ್ಲಿ ಬಹುಮಟ್ಟಿಗೆ ಕರ್ಮ ಪುನರ್ಜನ್ಮಗಳ ತತ್ತ್ವವು ಇದಕ್ಕೆ ಸಮಾಧಾನವನ್ನು ಒದಗಿಸುವುದು. ಈ ಜನ್ಮದಲ್ಲಿ ಕಾರಣವು ಕಾಣದಿದ್ದರೆ ಹಿಂದಿನ ಜನ್ಮದಲ್ಲಿ ಅದನ್ನು ಊಹಿಸಬಹುದು. ಹೀಬ್ರೂ ಜನರ ಪ್ರಾಚೀನ ಮತದಲ್ಲಿ ಆ ದಾರಿಯಿಲ್ಲ. ಅಲ್ಲಿ ಮನುಷ್ಯನಿಗೆ ಜನ್ಮವು ಒಂದೇ; ಮರಣಾನಂತರದ ಜೀವನದ ವಿಷಯದಲ್ಲಿಯೂ ಅವರ ಹಳೆಯ ಗ್ರಂಥಗಳ ನುಡಿ ಅಸ್ಪಷ್ಟವಾದುದು. ಆದುದರಿಂದ ಪಾಪಪುಣ್ಯಗಳ ಲೆಕ್ಕವೆಲ್ಲ ಒಂದೇ ಬಾಳಿನೊಳಗೆ ಸರಿಹೋಗಬೇಕಾಗುವುದು. ಅದು ಸರಿಹೋಗದಿರುವುದನ್ನು ಕಂಡು, ಮರೆಮಾಚದೆ, ದೇವರ ಎದುರಿಗೇ ಇಟ್ಟು ವಿಚಾರಿಸಿದ ಕೃತಿಯು ಹಳೆಯ ಒಡಂಬಡಿಕೆಯಲ್ಲಿರುವ ಯೋಬನ ಗ್ರಂಥ.

ಈ ಗ್ರಂಥವನ್ನು ತಾಳ್ಮೆಯ ಕಥೆಯೆಂದು ಎಣಿಸುವುದು ವಾಡಿಕೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಲ್ಲಿ ಯೋಬನ ಸಹನೆಯನ್ನು ನೆನೆದಿರುವುದು ಈ ಭಾವನೆಗೆ ಬಲವನ್ನು ಕೊಟ್ಟಿದೆ. ಆದರೆ ಗ್ರಂಥವನ್ನು ಆದ್ಯಂತವಾಗಿ ಓದಿದವರಿಗೆ ತಾಳ್ಮೆಗಿಂತ ಬೇರೊಂದು ಅಂಶವು ಎದ್ದು ಕಾಣುವುದು. ದುಃಖಿಯು ಎತ್ತಿದ ಆಕ್ಷೇಪವನ್ನು ದೇವರು ಮೆಚ್ಚಿದನು. ದೇವರ ಪರವಾಗಿ ವಾದಿಸಿದವರನ್ನು ದೇವರೇ ತಿರಸ್ಕರಿಸಿದನು ಎಂಬುದೇ ಆ ಅಂಶ. ದುಃಖದ ವಿಷಯದಲ್ಲಿ ಕ್ರೈಸ್ತರ ವಿಚಾರವು ಸಾಗಿದ ಹಾದಿಯನ್ನು ಅರಿಯಬೇಕಾದರೆ ಇಲ್ಲಿಂದಲೇ ಹೊರಡಬೇಕು.

೨

ಗ್ರಂಥದಲ್ಲಿ ೪೨ ಅಧ್ಯಾಯಗಳಿವೆ. ಮೊದಲ ಎರಡು ಅಧ್ಯಾಯಗಳೂ ಕೊನೆಯ ಅಧ್ಯಾಯದ ಉತ್ತರಭಾಗವೂ ಗದ್ಯ. ನಡುವಿನದು ಬಹುತೇಕ ಪದ್ಯ. ಊಚ್ ದೇಶದ ಯೋಬನು ನಿರ್ದೋಷಿ, ದೈವಭೀರು. ಆತನಿಗೆ ೭ ಮಂದಿ ಗಂಡುಮಕ್ಕಳು, ೩ ಮಂದಿ ಹೆಣ್ಣುಮಕ್ಕಳು. ೭೦೦೦ ಕುರಿಗಳು, ೩೦೦೦ ಒಂಟೆಗಳು, ೫೦೦ ಜೊತೆ ಎತ್ತುಗಳು, ೫೦೦ ಹೆಣ್ಣುಕತ್ತೆಗಳು. ದೇವಸಭೆಯಲ್ಲಿ ಈತನ ಹೆಸರು ಬಂದಾಗ ಸೈತಾನನು ಒಂದು ಸಂದೇಹವನ್ನು ಎತ್ತುವನು. ಮೂಲದಲ್ಲಿ ಈ ಶಬ್ದಕ್ಕೆ ನಿರ್ದೇಶಕ ಪ್ರತ್ಯಯವು ಸೇರಿರುವುದರಿಂದ ಇದು ಅಂಕಿತನಾಮವಲ್ಲ, ‘ಆಪಾದಕ’ನೆಂಬ ಪದವಿಯ ಹೆಸರು ಎಂದು ವಿದ್ವಾಂಸರು ಅಭಿಪ್ರಾಯಪಡುವರು. ಯೋಬನ ಭಕ್ತಿಯು ಸಂಪತ್ತಿಗೆ ಕೊಟ್ಟ ಬೆಲೆಯೇ, ಅಥವಾ ನಿಷ್ಕಾಮವಾದುದೇ ಎಂಬುದು ಆತನ ಸಂದೇಹ. ಪರೀಕ್ಷೆಗೆ ಅನುಮತಿಯು ದೊರೆಯುವುದು. ಒಂದೇ ದಿನದಲ್ಲಿ ಸಿರಿಯೂ ಮಕ್ಕಳೂ ಹೋಗಿ, ಬಳಿಕ ಮೈಯೆಲ್ಲ ಹುಣ್ಣಾಗಿ, ಯೋಬನು ಬೂದಿಯಲ್ಲಿ ಕುಳಿತುಕೊಳ್ಳುವನು.

ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಇಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯವು ನೆನಪಿಗೆ ಬಾರದಿರದು. ಅಲ್ಲಿ ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ವಾದ. ಇಲ್ಲಿ ಯೆಹೋವನ ಸಭೆಯಲ್ಲಿ ಆಪಾದಕನ ಸಂದೇಹ. ಎರಡು ಕಡೆಯೂ ಮೇಲಿನ ಲೋಕದ ಮಾತಿಗೆ ಕೆಳಗಿನ ಲೋಕದ ಸಜ್ಜನನೊಬ್ಬನು ಒರೆಗಲ್ಲಿಗೆ ಬರುವನು. ಸಾಮ್ಯವು ಇಷ್ಟಕ್ಕೆ ನಿಲ್ಲುವುದು. ಹರಿಶ್ಚಂದ್ರನಿಗೆ ತನ್ನ ಕಷ್ಟದ ಕಾರಣವು ತಿಳಿದಿದೆ. ಕೊಟ್ಟ ಮಾತಿಗೆ ತಪ್ಪಿದರೆ ಆ ಕ್ಷಣವೇ ಕಷ್ಟವು ಮುಗಿಯಬಹುದಾಗಿತ್ತು. ಅದು ತಾನಾಗಿ ಹೊತ್ತ ಸತ್ಯದ ಭಾರ. ಯೋಬನಿಗೆ ಕಾರಣವೂ ತಿಳಿಯದು, ಬಿಡುಗಡೆಯ ಉಪಾಯವೂ ಇಲ್ಲ. ಮತ್ತೊಂದು ಭೇದವೂ ಉಂಟು. ಹರಿಶ್ಚಂದ್ರನ ಕಥೆಯ ಕೊನೆಯಲ್ಲಿ ವಿಶ್ವನಾಥನು ಪ್ರತ್ಯಕ್ಷನಾಗಲು ಪರೀಕ್ಷೆಯ ಗುಟ್ಟೆಲ್ಲ ಬಯಲಾಗುವುದು. ಯೋಬನಿಗಾದರೋ ದೇವಸಭೆಯಲ್ಲಿ ನಡೆದ ಮಾತನ್ನು ಯಾರೂ ಕೊನೆಯವರೆಗೂ ತಿಳಿಸುವುದಿಲ್ಲ. ಅದು ಓದುಗನಿಗೆ ಮಾತ್ರ ಗೊತ್ತು.

೩

ಎಲೀಫಜ, ಬಿಲ್ದದ, ಚೋಫರರೆಂಬ ಮೂವರು ಮಿತ್ರರು ಸಂತೈಸಲೆಂದು ಬರುವರು. ಗುರುತು ಹತ್ತದಂತಾಗಿದ್ದ ಗೆಳೆಯನನ್ನು ಕಂಡು ಏಳು ಹಗಲು ಏಳು ರಾತ್ರಿ ಅವರು ನೆಲದ ಮೇಲೆ ಮೌನವಾಗಿ ಕುಳಿತಿರುವರು. ಮೂರನೆಯ ಅಧ್ಯಾಯದಲ್ಲಿ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸಿದ ಮೇಲೆ ಅವರ ಬಾಯಿ ತೆರೆಯುವುದು. ಅವರ ವಾದದ ಕ್ರಮವು ಸರಳವಾದುದು: ದೇವರು ನ್ಯಾಯವಂತನು, ನ್ಯಾಯವಂತನು ನಿರಪರಾಧಿಯನ್ನು ದಂಡಿಸನು, ಯೋಬನು ದಂಡಿತನಾಗಿದ್ದಾನೆ, ಆದುದರಿಂದ ಅಪರಾಧವು ಇದ್ದೇ ಇರಬೇಕು. ಸಂವಾದವು ಮೂರು ಸುತ್ತು ನಡೆಯುವುದು. ಸುತ್ತಿನಿಂದ ಸುತ್ತಿಗೆ ಮಿತ್ರರ ನುಡಿಯಲ್ಲಿ ಕನಿಕರವು ಬತ್ತಿ ಆರೋಪವು ಬೆಳೆಯುವುದು. ಆರಂಭದಲ್ಲಿ ಯೋಬನ ಭಕ್ತಿಯನ್ನು ಹೊಗಳಿದ ಎಲೀಫಜನೇ ೨೨ನೆಯ ಅಧ್ಯಾಯದಲ್ಲಿ, ಯೋಬನು ಬಡವರಿಂದ ಒತ್ತೆಯನ್ನು ಸೆಳೆದುಕೊಂಡನು, ಬಾಯಾರಿದವರಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳುಹಿಸಿದನು ಎಂದು ಹೆಸರಿಟ್ಟು ಪಾಪಗಳನ್ನು ಎಣಿಸುವನು. ಯಾವುದನ್ನೂ ಆತನು ಕಂಡವನಲ್ಲ. ಸಿದ್ಧಾಂತವು ಉಳಿಯಬೇಕಾದರೆ ಆ ಪಾಪಗಳು ನಡೆದಿರಲೇಬೇಕು. ಯೋಬನು ನಿರ್ದೋಷಿಯೆಂಬುದು ಪೀಠಿಕೆಯಿಂದ ಓದುಗನಿಗೆ ಮೊದಲೇ ಗೊತ್ತು. ದೇವರ ನ್ಯಾಯವನ್ನು ಕಾಪಾಡುವ ಉತ್ಸಾಹದಲ್ಲಿ ಸಜ್ಜನರು ಸುಳ್ಳುಸಾಕ್ಷಿಗಳಾಗುವ ಬಗೆಯನ್ನು ಕವಿಯು ಹೀಗೆ ಹಂತಹಂತವಾಗಿ ತೋರಿಸಿರುವನು.

ಯೋಬನು ದೇವರನ್ನು ಅಲ್ಲಗಳೆಯುವುದಿಲ್ಲ. ಅವನ ನುಡಿಯ ತೀಕ್ಷ್ಣತೆಗೆ ಅದೇ ಕಾರಣ. ದೇವರ ಮೇಲಣ ದೂರನ್ನು ಅವನು ದೇವರಲ್ಲಿಯೇ ಹೇಳಿಕೊಳ್ಳುವನು. ಒಂಬತ್ತನೆಯ ಅಧ್ಯಾಯದಲ್ಲಿ ತಮ್ಮಿಬ್ಬರ ನಡುವೆ ನಿಲ್ಲುವ ಮಧ್ಯಸ್ಥನಿಲ್ಲವೆಂದು ಮರುಗುವನು. ಹದಿನಾರನೆಯದರಲ್ಲಿ ತನ್ನ ಸಾಕ್ಷಿಯು ಸ್ವರ್ಗದಲ್ಲಿರುವನೆಂದು ನಂಬುವನು. ಹತ್ತೊಂಬತ್ತನೆಯದರಲ್ಲಿ ತನ್ನ ‘ಗೋಏಲ್’ ಜೀವಂತನಾಗಿರುವನೆಂದು ಸಾರುವನು. ಗೋಏಲ್ ಎಂದರೆ ಕೈಬಿಟ್ಟುಹೋದ ಹೊಲವನ್ನು ಬಿಡಿಸಿಕೊಡುವ, ನೊಂದವನ ಪಕ್ಷವನ್ನು ಹಿಡಿಯುವ ರಕ್ತಸಂಬಂಧಿ. ಕ್ರೈಸ್ತ ವ್ಯಾಖ್ಯಾನಕಾರರು ಈ ಪದದಲ್ಲಿ ಕ್ರಿಸ್ತನ ಸೂಚನೆಯನ್ನು ಕಂಡರು. ಆ ಅಧ್ಯಾಯದ ಮೂಲಪಾಠವು ಬಹಳ ಕ್ಲಿಷ್ಟವಾಗಿರುವುದರಿಂದ ಕವಿಗೆ ಅಷ್ಟು ಅರ್ಥವು ಉದ್ದಿಷ್ಟವಾಗಿತ್ತೆಂದು ಹೇಳಲಾಗದು.

ಪಾಠಭೇದವೊಂದು ಇಲ್ಲಿ ವಿಶೇಷವಾಗಿ ಗಮನಾರ್ಹ. ಹದಿಮೂರನೆಯ ಅಧ್ಯಾಯದಲ್ಲಿ, ದೇವರು ತನ್ನನ್ನು ಕೊಂದರೂ ವಾದವನ್ನು ಬಿಡೆನೆಂದು ಯೋಬನು ನುಡಿಯುವೆಡೆಯಲ್ಲಿ ‘ಲೋ’ ಎಂಬ ಪದವಿದೆ. ಬರೆದಿರುವ ಅಕ್ಷರಗಳಂತೆ ಅದಕ್ಕೆ ‘ಇಲ್ಲ’ವೆಂದರ್ಥ, ಯೆಹೂದ್ಯ ಪರಂಪರೆಯು ಅಂಚಿನಲ್ಲಿ ಸೂಚಿಸಿದ ಓದಿನಂತೆ ‘ಅವನಿಗಾಗಿ’ ಎಂದರ್ಥ. ಉಚ್ಚಾರಣೆಯು ಎರಡಕ್ಕೂ ಒಂದೇ. ಮೊದಲನೆಯದನ್ನು ಹಿಡಿದರೆ ಯೋಬನಿಗೆ ಆಸೆಯೇ ಉಳಿದಿಲ್ಲ. ಎರಡನೆಯದನ್ನು ಹಿಡಿದರೆ ಅವನ ನಿರೀಕ್ಷೆಯೆಲ್ಲ ದೇವರಲ್ಲಿಯೇ. ೧೬೧೧ರ ಇಂಗ್ಲಿಷ್ ಭಾಷಾಂತರವು ಎರಡನೆಯದನ್ನು ಅನುಸರಿಸಿತು. ಇಪ್ಪತ್ತನೆಯ ಶತಮಾನದ ಭಾಷಾಂತರಗಳಲ್ಲಿ ಕೆಲವು ಮೊದಲನೆಯದಕ್ಕೆ ಮರಳಿದುವು. ಹತಾಶೆಯೂ ಭರವಸೆಯೂ ಒಂದೇ ಧ್ವನಿಯಲ್ಲಿ ಅಡಗಿರುವ ಈ ಸ್ಥಳವು ಇಡೀ ಗ್ರಂಥದ ಸ್ವಭಾವವನ್ನು ತಿಳಿಸುವುದು.

೪

ಎಲೀಹು ಎಂಬ ಕಿರಿಯನ ಭಾಷಣವು ಮುಗಿದ ಬಳಿಕ, ೩೮ನೆಯ ಅಧ್ಯಾಯದಲ್ಲಿ ಯೆಹೋವನು ಸುಂಟರಗಾಳಿಯೊಳಗಿಂದ ಮಾತನಾಡುವನು. ಯೋಬನು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಕಡಲಿನ ಕಟ್ಟು, ನಕ್ಷತ್ರಗಳ ನಡೆ, ಜನವಿಲ್ಲದ ಮರುಭೂಮಿಯ ಮೇಲೆ ಸುರಿಯುವ ಮಳೆ, ಮೊಟ್ಟೆಗಳನ್ನು ಮರಳಿನಲ್ಲಿ ಬಿಟ್ಟುಹೋಗುವ ಉಷ್ಟ್ರಪಕ್ಷಿ, ಯಾರಿಗೂ ಪಳಗದ ಲಿವ್ಯಾತಾನ್ ಇವುಗಳ ವರ್ಣನೆ ಮಾತ್ರವಿದೆ. ಇದನ್ನು ಬರಿಯ ಬಲಪ್ರದರ್ಶನವೆಂದು ಟೀಕಿಸಿದವರು ಉಂಟು. ಆದರೆ ಈ ವರ್ಣನೆಯಲ್ಲಿ ಪಾಪದ ಮಾತಾಗಲಿ ಶಿಕ್ಷೆಯ ಮಾತಾಗಲಿ ಯೋಬನನ್ನು ಕುರಿತು ಬಂದಿಲ್ಲ. ಮನುಷ್ಯನಿಲ್ಲದೆಡೆಯಲ್ಲಿಯೂ ಮಳೆ ಸುರಿಯುವ ಲೋಕವನ್ನು ಮನುಷ್ಯನ ಗುಣದೋಷಗಳ ಲೆಕ್ಕದಿಂದಲೇ ಅಳೆಯಲಾಗದು. ಮಿತ್ರರು ಕಟ್ಟಿದ ವಾದವು ಇಲ್ಲಿ ಕುಸಿಯುವುದು.

ಬಳಿಕ ತೀರ್ಪು ಬರುವುದು. ಯೋಬನಂತೆ ನೀವು ನನ್ನ ವಿಷಯದಲ್ಲಿ ಯುಕ್ತವಾದುದನ್ನು ಆಡಲಿಲ್ಲವೆಂದು ಯೆಹೋವನು ಎಲೀಫಜನ ಮೇಲೂ ಅವನ ಇಬ್ಬರು ಗೆಳೆಯರ ಮೇಲೂ ಕೋಪಗೊಂಡು, ಯೋಬನು ಅವರಿಗಾಗಿ ಪ್ರಾರ್ಥಿಸಬೇಕೆಂದು ವಿಧಿಸುವನು. ಯೋಬನ ಕುರಿಗಳು ೧೪೦೦೦, ಒಂಟೆಗಳು ೬೦೦೦ ಆಗುವುವು, ಸಿರಿಯೆಲ್ಲ ಇಮ್ಮಡಿಯಾಗುವುದು. ಮಕ್ಕಳು ಮಾತ್ರ ಮೊದಲಿನಂತೆ ೭ ಮತ್ತು ೩. ಸತ್ತ ಮಕ್ಕಳ ಸ್ಥಾನವನ್ನು ಹುಟ್ಟಿದ ಮಕ್ಕಳು ತುಂಬುವರೆ? ಈ ಮಾತಿಗೆ ಗ್ರಂಥದಲ್ಲಿ ಸಮಾಧಾನವಿಲ್ಲ. ಆಪಾದಕನ ಮಾತಿಗೆ ದೇವರು ಏಕೆ ಒಪ್ಪಿದನೆಂಬುದಕ್ಕೂ ಇಲ್ಲ.

೫

ಹೊಸ ಒಡಂಬಡಿಕೆಯಲ್ಲಿ ಮಿತ್ರರ ಸಿದ್ಧಾಂತವು ಎರಡು ಸಲ ನೇರವಾಗಿ ನಿರಾಕೃತವಾಗಿದೆ. ಸಿಲೊವಾಮಿನಲ್ಲಿ ಗೋಪುರವು ಬಿದ್ದು ಸತ್ತ ೧೮ ಮಂದಿ ಮಿಕ್ಕ ಯೆರೂಸಲೇಮಿನವರಿಗಿಂತ ಹೆಚ್ಚಿನ ಅಪರಾಧಿಗಳಲ್ಲವೆಂದು ಯೇಸು ಹೇಳಿದುದು ಲೂಕನ ಸುವಾರ್ತೆಯಲ್ಲಿದೆ. ಹುಟ್ಟುಕುರುಡನೊಬ್ಬನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಲು, ಯಾರೂ ಅಲ್ಲವೆಂದು ಯೇಸು ಉತ್ತರಿಸಿದುದು ಯೋಹಾನನ ಸುವಾರ್ತೆಯಲ್ಲಿದೆ. ಇವೆರಡಕ್ಕಿಂತ ಮುಖ್ಯವಾದುದು ಶಿಲುಬೆಯ ಪ್ರಸಂಗ. ಮತ್ತಾಯ ಮಾರ್ಕರ ಪ್ರಕಾರ ಯೇಸು ಸಾಯುವಾಗ, ದೇವರು ತನ್ನ ಕೈಬಿಟ್ಟುದೇಕೆಂದು ಕೂಗಿದನು. ಅದು ೨೨ನೆಯ ಕೀರ್ತನೆಯ ಆರಂಭವಾಕ್ಯ; ಯೋಬನ ಪ್ರಶ್ನೆಯೂ ಹೌದು. ದೇವಪುತ್ರನೆಂದು ಕ್ರೈಸ್ತರು ನಂಬಿದವನ ಬಾಯಿಂದಲೇ ಆ ಪ್ರಶ್ನೆಯು ಹೊರಟ ಮೇಲೆ, ಅದನ್ನು ಅವಿಶ್ವಾಸವೆಂದು ಕರೆಯುವ ಹಕ್ಕು ಆ ಮತದಲ್ಲಿ ಯಾರಿಗೂ ಉಳಿಯಲಿಲ್ಲ. ದುಃಖದ ಕಾರಣವನ್ನು ಶಿಲುಬೆಯು ಹೇಳುವುದಿಲ್ಲ. ದುಃಖಿಯ ಪಕ್ಕದಲ್ಲಿ ದೇವರು ಇರುವನೆಂದು ಹೇಳುವುದು. ಕ್ರೈಸ್ತವಿಶ್ವಾಸದ ವೈಶಿಷ್ಟ್ಯವಿರುವುದು ಇಲ್ಲಿಯೇ.

ಆದರೂ ಕಾರಣವನ್ನು ಹುಡುಕುವ ಬುದ್ಧಿಯು ಸುಮ್ಮನಿರದು. ಕೆಡುಕು ಒಂದು ಸ್ವತಂತ್ರವಸ್ತುವಲ್ಲ, ಒಳಿತಿನ ಅಭಾವವೆಂದು ಅಗಸ್ಟೀನನು ವಿವರಿಸಿದನು. ೧೭೧೦ರಲ್ಲಿ ಜರ್ಮನ್ ತತ್ತ್ವಜ್ಞ ಲೈಬ್ನಿಟ್ಸನು ದೇವರು ನ್ಯಾಯ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ‘ಥಿಯೊಡಿಸಿ’ ಎಂಬ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. ಸಾಧ್ಯವಾದ ಲೋಕಗಳಲ್ಲಿ ಅತ್ಯುತ್ತಮವಾದುದನ್ನೇ ದೇವರು ಸೃಷ್ಟಿಸಿರುವನೆಂಬುದು ಅವನ ಸಿದ್ಧಾಂತ. ೧೭೫೫ನೆಯ ನವೆಂಬರ್ ೧ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಜನರು ಚರ್ಚುಗಳಲ್ಲಿ ನೆರೆದಿದ್ದಾಗ ಪೋರ್ಚುಗಲ್ಲಿನ ಲಿಸ್ಬನ್ ನಗರವು ಭೂಕಂಪದಿಂದ ನೆಲಸಮವಾಯಿತು. ಕಡಲು ಉಕ್ಕಿತು, ಬೆಂಕಿ ಹಬ್ಬಿತು. ಮರುವರ್ಷ ವಾಲ್ಟೇರನು ಕವನವೊಂದರಲ್ಲಿ ಅತ್ಯುತ್ತಮಲೋಕದ ವಾದವನ್ನು ಖಂಡಿಸಿ, ೧೭೫೯ರಲ್ಲಿ ‘ಕ್ಯಾಂಡೀಡ್’ ಕಥೆಯಲ್ಲಿ ಅದನ್ನು ನಗೆಗೀಡುಮಾಡಿದನು. ಅದೇ ೧೭೫೬ರಲ್ಲಿ ಮಾಲಗ್ರಿಡನೆಂಬ ಜೆಸ್ವಿಟ್ ಪಾದ್ರಿಯು ಭೂಕಂಪಕ್ಕೆ ಪ್ರಕೃತಿಯು ಕಾರಣವಲ್ಲ, ಪಟ್ಟಣಿಗರ ಪಾಪವೇ ಕಾರಣವೆಂದು ಸಾರುವ ಪುಸ್ತಿಕೆಯನ್ನು ಬರೆದನು. ಎಲೀಫಜನ ವಾದವು ಎರಡು ಸಾವಿರ ವರ್ಷಗಳಾದರೂ ಸತ್ತಿರಲಿಲ್ಲ.

ಯೋಬನ ಗ್ರಂಥದ ತೀರ್ಪನ್ನು ತತ್ತ್ವಶಾಸ್ತ್ರಕ್ಕೆ ಮರಳಿ ತಂದವನು ಕಾಂಟ್. ದೇವರ ನ್ಯಾಯವನ್ನು ತರ್ಕದಿಂದ ಸಮರ್ಥಿಸುವ ಪ್ರಯತ್ನಗಳೆಲ್ಲ ವಿಫಲವಾದುವೆಂದು ತೋರಿಸಲು ೧೭೯೧ರಲ್ಲಿ ಬರೆದ ಪ್ರಬಂಧದಲ್ಲಿ ಅವನು ಯೋಬನನ್ನೇ ನಿದರ್ಶನವಾಗಿ ತೆಗೆದುಕೊಂಡನು. ಮಿತ್ರರ ಮಾತು, ಪ್ರಭುವು ಮರೆಯಲ್ಲಿ ನಿಂತು ಕೇಳುತ್ತಿರುವನೆಂದು ತಿಳಿದು ಆಡಿದ ಮುಖಸ್ತುತಿ. ಯೋಬನ ಮಾತು ಮನಸ್ಸಿನಲ್ಲಿದ್ದುದರ ಪ್ರಾಮಾಣಿಕವಾದ ನುಡಿ. ದೇವರು ಮೆಚ್ಚಿದುದು ಆ ಪ್ರಾಮಾಣಿಕತೆಯನ್ನೇ ಎಂಬುದು ಕಾಂಟನ ನಿರ್ಣಯ. ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳ ಬಳಿಕ ಕ್ರೈಸ್ತ ಚಿಂತಕರು ಶಿಲುಬೆಯ ಪ್ರಸಂಗದತ್ತ ಮತ್ತೆ ತಿರುಗಿದರು. ೧೯೭೨ರಲ್ಲಿ ಮೋಲ್ಟ್‌ಮನ್ನನು ಬರೆದ ‘ಶಿಲುಬೆಗೇರಿದ ದೇವರು’ ಎಂಬ ಅರ್ಥದ ಹೆಸರುಳ್ಳ ಗ್ರಂಥವು ಈ ಮಾರ್ಗದ ಪ್ರಸಿದ್ಧ ಕೃತಿ.

ಹೀಗೆ ನೋಡಲು, ದುಃಖವೇಕೆ ಎಂಬ ಪ್ರಶ್ನೆಗೆ ಯೋಬನ ಗ್ರಂಥವು ಉತ್ತರವನ್ನು ಕೊಡದಿದ್ದರೂ ಒಂದು ತಪ್ಪು ಉತ್ತರವನ್ನು ಶಾಶ್ವತವಾಗಿ ತಳ್ಳಿಹಾಕಿದೆ. ನೊಂದವನ ನೋವನ್ನೇ ಅವನ ಪಾಪಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಮನುಷ್ಯನಿಗೆ ಮಾಡುವ ಅನ್ಯಾಯ. ಗ್ರಂಥದ ತೀರ್ಪಿನಂತೆ ಅದು ದೇವರ ವಿಷಯದಲ್ಲಿಯೂ ಸುಳ್ಳು. ಆ ಮೂವರು ಮಿತ್ರರು ದುಃಖಿಗೆ ನಿಜವಾಗಿ ನೆರವಾದುದು ಬಾಯಿ ತೆರೆಯುವುದಕ್ಕೆ ಮುಂಚೆ, ಬೂದಿಯ ಬಳಿಯಲ್ಲಿ ಅವನೊಡನೆ ಸುಮ್ಮನೆ ಕುಳಿತಿದ್ದ ಆ ಏಳು ದಿನಗಳಲ್ಲಿ.